ಸಮಾಜ ಪಾಠ ಮಾಡೋಕೆ ಏನು ಓದಿರ್ಬೇಕು ಅಂತ ಡಿಗ್ರಿ ಸೇರೋವಾಗ್ಲೇ ಹೇಳಿ

ಸಂಪಾದಕರಿಗೆ ನಮಸ್ಕಾರ,

ಶಿಕ್ಷಕರ ನೇಮಕಾತಿ ಬಗ್ಗೆ ಪೇಪರಲ್ಲಿ ಸುದ್ದಿ ಬಂದಾಗೆಲ್ಲ ಎಷ್ಟು ಹುದ್ದೆ ಖಾಲಿ ಇದಾವೆ, ಯಾವಾಗ ತುಂಬ್ತಾರೆ ಅನ್ನೋದೇ ಇರುತ್ತೆ. ಅದು ಬರ್ಲೇಬೇಕು, ಬೇಡ ಅನ್ನಲ್ಲ. ಆದ್ರೆ ಅದಕ್ಕಿಂತ ಐದಾರು ವರ್ಷ ಮುಂಚೆನೇ ಶುರುವಾಗೋ ಒಂದು ತೊಂದ್ರೆ ಬಗ್ಗೆ ಯಾರೂ ಬರೀತಿಲ್ಲ ಅಂತ ಈ ಪತ್ರ. ಸಮಾಜ ವಿಜ್ಞಾನದ ಟೀಚರ್ ಆಗ್ಬೇಕು ಅಂದ್ರೆ ಡಿಗ್ರಿಲಿ ಯಾವ ವಿಷಯ ತಗೊಂಡಿರ್ಬೇಕು ಅನ್ನೋದು ಡಿಗ್ರಿ ಸೇರೋಕೆ ಹೋಗೋ ಮಕ್ಕಳಿಗೇ ಗೊತ್ತಿರಲ್ಲ, ಅವ್ರನ್ನ ಸೇರಿಸ್ಕೊಳ್ಳೋ ಕಾಲೇಜಿನೋರಿಗೂ ಎಷ್ಟೋ ಸಲ ಗೊತ್ತಿರಲ್ಲ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತೀನಿ. ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ್ರೆ ಸಾಕು, ಹಳೇ ವಿದ್ಯಾರ್ಥಿಗಳು ಫೋನ್ ಮಾಡ್ತಾರೆ, ಮೇಡಂ ನಾನೂ ನಿಮ್ಮ ಥರ ಸಮಾಜ ಟೀಚರ್ ಆಗ್ಬೇಕು, ಬಿಎಲಿ ಯಾವ ಕಾಂಬಿನೇಷನ್ ತಗೊಳ್ಳಿ ಅಂತ. ಅದ್ರಲ್ಲೂ ಹೆಣ್ಮಕ್ಕಳೇ ಜಾಸ್ತಿ, ಮನೇಲಿ ದೂರ ಕಳ್ಸಲ್ಲ, ತಾಲ್ಲೂಕು ಸೆಂಟರಿನ ಫಸ್ಟ್ ಗ್ರೇಡ್ ಕಾಲೇಜಲ್ಲಿ ಏನಿದೆಯೋ ಅದೇ ಗತಿ.

ಈ ನಿಯಮಗಳು ಒಂದೇ ಕಡೆ ಇಲ್ಲ, ಅದೇ ಮೊದಲ್ನೇ ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಟೀಚರ್ ಆಗೋಕೆ ಕನಿಷ್ಠ ಅರ್ಹತೆ ಏನು ಅಂತ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಗದಿ ಮಾಡುತ್ತೆ, ಅದರ ಅಧಿಸೂಚನೆ 2010ರ ಆಗಸ್ಟ್ 23ಕ್ಕೆ ಬಂತು. ಆರರಿಂದ ಎಂಟನೇ ಕ್ಲಾಸಿಗೆ ಒಂದು ಡಿಗ್ರಿ, ಅದರ ಜೊತೆ ಬಿಎಡ್ ಅಥವಾ ಡಿಎಡ್, ಆಮೇಲೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿರ್ಬೇಕು ಅಂತ ಅದ್ರಲ್ಲಿದೆ. ಆ ಡಿಗ್ರಿಲಿ ಇತಿಹಾಸ ಇರ್ಬೇಕಾ ಭೂಗೋಳ ಇರ್ಬೇಕಾ ಅಂತ ಅದು ಹೇಳಲ್ಲ. ಟಿಇಟಿ ಎರಡನೇ ಪೇಪರಿಗೆ ಬನ್ನಿ, 150 ಪ್ರಶ್ನೆ, ಅದ್ರಲ್ಲಿ ಮಕ್ಕಳ ಮನೋವಿಜ್ಞಾನ 30, ಎರಡು ಭಾಷೆ ಸೇರಿ 60, ಉಳಿದ 60 ಸಮಾಜ ಅಥವಾ ಗಣಿತ-ವಿಜ್ಞಾನ. ಅಲ್ಲೂ ನೀವು ಡಿಗ್ರಿಲಿ ಏನು ಓದಿದೀರಿ ಅನ್ನೋದು ಪ್ರಶ್ನೆಗೆ ಬರಲ್ಲ, ಸಮಾಜ ಆರಿಸ್ಕೊಂಡು 90 ಅಂಕ ತೆಗೆದ್ರೆ ಜನರಲ್ ಕ್ಯಾಟಗರಿಯೋರು ಪಾಸು. ಈ ಎರಡೂ ಮೆಟ್ಟಿಲು ಹತ್ತಿ ಬಂದ ಮೇಲೆ ಮೂರನೇದು ರಾಜ್ಯದ ನೇಮಕಾತಿ ನಿಯಮ. ಐಚ್ಛಿಕ ವಿಷಯ ಯಾವ್ದು, ಎಷ್ಟು ವರ್ಷ ಓದಿದೀರಿ, ಬಿಎಡ್‌ನಲ್ಲಿ ಮೆಥಡ್ (ಪಾಠ ಮಾಡೋದನ್ನ ಕಲಿಯೋಕೆ ಆರಿಸ್ಕೊಂಡ ವಿಷಯ) ಯಾವ್ದು ಅನ್ನೋದೆಲ್ಲ ಅಲ್ಲಿ ಬರುತ್ತೆ. ಅಂದ್ರೆ ತೀರಾ ಮೊದ್ಲೇ ಹೇಳ್ಬೇಕಾದ ಮಾತು ಕಟ್ಟಕಡೆಗೆ ಕಿವಿಗೆ ಬೀಳುತ್ತೆ. ಟಿಇಟಿ ಪಾಸಾದ್ರೆ ಕೆಲ್ಸಕ್ಕೆ ಅರ್ಹತೆ ಬಂದಂಗೇ ಅಂತ ನಮ್ ಹಳ್ಳಿ ಮಕ್ಕಳು ತಿಳ್ಕೊಂಡಿದಾರೆ, ಹಂಗಲ್ಲ, ಅದು ಇರೋ ಅರ್ಹತೆಗಳಲ್ಲಿ ಒಂದು ಅಷ್ಟೇ.

ನನ್ನ ಹಳೇ ವಿದ್ಯಾರ್ಥಿನಿ ಒಬ್ಳ ವಿಷಯ ಹೇಳ್ತೀನಿ, ಹೆಸರು, ಊರು, ಆಫೀಸು ಯಾವ್ದೂ ಬೇಡ. ಬಿಎಲಿ ಇತಿಹಾಸ, ಪತ್ರಿಕೋದ್ಯಮ, ಐಚ್ಛಿಕ ಕನ್ನಡ ಓದಿದ್ಳು, ಬಿಎಡ್‌ನಲ್ಲಿ ಕನ್ನಡ-ಇತಿಹಾಸ ಮೆಥಡ್, ಟಿಇಟಿ ಸಮಾಜದಲ್ಲಿ ಚೆನ್ನಾಗೇ ಅಂಕ ತಗೊಂಡಿದ್ಳು, ಇತಿಹಾಸದಲ್ಲಿ ಎಂಎ ಕೂಡ ಮಾಡಿದಾಳೆ. ನೇಮಕಾತಿ ಪರೀಕ್ಷೆನೂ ಬರೆದು ದಾಖಲಾತಿ ಪರಿಶೀಲನೆಗೆ ಕರೆದಾಗ ಟೇಬಲ್ ಮುಂದೆ ಕೂತಿದ್ದ ಸಿಬ್ಬಂದಿ ಅವಳ ಡಿಗ್ರಿ ಮಾರ್ಕ್ಸ್ ಕಾರ್ಡ್‌ಗಳನ್ನ ಒಂದರ ಕೆಳಗೆ ಒಂದು ಆರೂ ಸೆಮಿಸ್ಟರಿಂದು ಹರವಿ ಇಟ್ಕೊಂಡು, ಪೆನ್ಸಿಲಿಂದ ಇತಿಹಾಸದ ಸಾಲಿನ ಮುಂದೆ ಟಿಕ್ ಹಾಕ್ತಾ ಬಂದ್ರಂತೆ, ಆರು ಟಿಕ್ ಆಯ್ತು, ಆಮೇಲೆ ಎರಡನೇ ಸಮಾಜ ವಿಷಯ ಯಾವ್ದಮ್ಮ ಅಂತ ಕೇಳಿದ್ರಂತೆ. ಪತ್ರಿಕೋದ್ಯಮ ಲೆಕ್ಕಕ್ಕಿಲ್ಲ, ಕನ್ನಡ ಭಾಷೆ ಆಯ್ತು, ಎಂಎ ಸರ್ಟಿಫಿಕೇಟ್ ತೆಗೆದು ಇಟ್ರೆ ಇದು ಬೇಡಮ್ಮ ಡಿಗ್ರಿಲಿ ಇರ್ಬೇಕು ಅಂದ್ರಂತೆ. ಆ ಸಿಬ್ಬಂದಿದು ತಪ್ಪು ಅಂತ ನಾನು ಹೇಳಲ್ಲ, ಅವ್ರ ಕೈಲಿದ್ದ ಪಟ್ಟಿಲಿ ಏನಿತ್ತೋ ಅದನ್ನ ನೋಡಿದಾರೆ. ಆದ್ರೆ ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿಎಡ್, ಮೇಲೆ ಎರಡು ವರ್ಷ ಎಂಎ, ಇಷ್ಟೆಲ್ಲಾ ಆಗಿ ಟಿಇಟಿನೂ ಪಾಸಾಗಿ ಬಂದ ಹುಡುಗಿಗೆ ಹದಿನೆಂಟನೇ ವಯಸ್ಸಲ್ಲಿ ಕಾಲೇಜು ಕೌಂಟರಲ್ಲಿ ಹೇಳ್ಬೇಕಾಗಿದ್ದ ಮಾತನ್ನ ಇಷ್ಟು ವರ್ಷ ಬಿಟ್ಟು ಹೇಳಿದ್ದಾರಲ್ಲ, ಇದಕ್ಕೆ ಯಾರು ಹೊಣೆ? ಈಗ ಅವಳು ಒಂದು ಖಾಸಗಿ ಸ್ಕೂಲಲ್ಲಿ ಅದೇ ಸಮಾಜ ಪಾಠವನ್ನೇ ಮಾಡ್ತಿದಾಳೆ.

ಇದನ್ನ ಓದಿದೋರು ಹಂಗಾದ್ರೆ ಆ ನಿಯಮನೇ ತೆಗೆದುಬಿಡಿ, ಯಾವ ಡಿಗ್ರಿ ಆದ್ರೂ ಪರವಾಗಿಲ್ಲ ಅಂತ ಮಾಡಿ ಅನ್ಬೋದು. ನಾನು ಅದಕ್ಕೆ ಒಪ್ಪಲ್ಲ. ನಿಯಮ ಇರ್ಬೇಕು, ಇನ್ನೂ ಸ್ವಲ್ಪ ಗಟ್ಟಿಯಾಗೇ ಇರ್ಬೇಕು. ಯಾಕೆ ಅಂತ ಹೇಳ್ತೀನಿ.

ನಮ್ಮ ರಾಜ್ಯದ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪುಸ್ತಕ ತೆಗೆದು ನೋಡಿ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ಭಾಗ ಇದಾವೆ. ಆರನ್ನೂ ಡಿಗ್ರಿಲಿ ಓದಿದ ಮನುಷ್ಯ ಎಲ್ಲೂ ಸಿಗಲ್ಲ, ಅದು ಸಾಧ್ಯನೂ ಇಲ್ಲ. ಎರಡು ಓದಿರ್ತಾರೆ, ಉಳಿದ ನಾಲ್ಕನ್ನ ಪಾಠ ಮಾಡ್ತಾ ಮಾಡ್ತಾ ಕಲೀತಾರೆ. ಇತಿಹಾಸ ಓದಿದೋರು ರಾಜ್ಯಶಾಸ್ತ್ರನ ಹೆಂಗೋ ನಿಭಾಯಿಸ್ತಾರೆ, ಸಮಾಜಶಾಸ್ತ್ರನೂ ಆಗುತ್ತೆ, ಅರ್ಥಶಾಸ್ತ್ರಕ್ಕೆ ಸ್ವಲ್ಪ ಕೂತು ಓದ್ಕೊಂಡ್ರೆ ಆಗುತ್ತೆ. ಭೂಗೋಳ ಮಾತ್ರ ಹಂಗಲ್ಲ. ತಾಲ್ಲೂಕಿನ ಎಷ್ಟೋ ಕಾಲೇಜುಗಳಲ್ಲಿ ಭೂಗೋಳ ವಿಭಾಗನೇ ಇಲ್ಲ, ಅದಕ್ಕೆ ಪ್ರಾಕ್ಟಿಕಲ್ ಬೇಕು, ಲ್ಯಾಬ್ ಬೇಕು, ನಕ್ಷೆ ಉಪಕರಣ ಬೇಕು, ಹಂಗಾಗಿ ಎಚ್‌ಇಪಿ, ಎಚ್‌ಇಕೆ, ಎಚ್‌ಇಎಸ್ (ಇತಿಹಾಸ, ಅರ್ಥಶಾಸ್ತ್ರದ ಜೊತೆ ರಾಜ್ಯಶಾಸ್ತ್ರನೋ ಕನ್ನಡನೋ ಸಮಾಜಶಾಸ್ತ್ರನೋ) ಇಷ್ಟರಲ್ಲೇ ಮುಗಿಸ್ತಾರೆ. ಅಲ್ಲಿಂದ ಬಂದ ಟೀಚರ್ ತಾವೇ ಭೂಗೋಳನ ಕೊನೇ ಸಲ ಓದಿದ್ದು ಎಸ್ಸೆಸ್ಸೆಲ್ಸಿಲಿ, ಈಗ ಎಸ್ಸೆಸ್ಸೆಲ್ಸಿ ಮಕ್ಕಳಿಗೇ ಅದನ್ನ ಹೇಳ್ಕೊಡ್ಬೇಕು.

ಪರೀಕ್ಷೆಲಿ ಭಾರತದ ನಕ್ಷೆ ಬರೆದು ಜಾಗ ಗುರುತಿಸಿ ಅನ್ನೋ ಪ್ರಶ್ನೆ ಬರುತ್ತಲ್ಲ, ಅದ್ರಲ್ಲಿ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶ ಕೇಳೋದು ಮಾಮೂಲಿ. ಮಕ್ಕಳಿಗೆ ನಕ್ಷೆ ಮಧ್ಯದಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆಯೋಕೆ ಪ್ರಾಕ್ಟೀಸ್ ಮಾಡ್ಸಿಬಿಡ್ತಾರೆ, ಅಂಕ ಬಂದುಬಿಡುತ್ತೆ. ಆ ಗೆರೆ ಯಾಕೆ ಅಲ್ಲೇ ಅಂತ ಒಬ್ಬ ಹುಡುಗ ಎದ್ದು ಕೇಳಿದ್ರೆ? ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತೆ, ಎಂಬತ್ತೆರಡೂವರೆನ 15ರಿಂದ ಭಾಗಿಸಿದ್ರೆ ಐದೂವರೆ, ಅದಕ್ಕೇ ನಮ್ಮ ಟೈಮ್ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಅಂತ ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸ್ಬೇಕು. ಎರಡು ನಿಮಿಷದ ಕೆಲ್ಸ. ದುಬೈಲಿ ಕೆಲ್ಸ ಮಾಡೋ ಮಾವ ಫೋನ್ ಮಾಡಿದಾಗ ಅಲ್ಲಿ ಟೈಮ್ ಯಾಕೆ ಒಂದೂವರೆ ಗಂಟೆ ಹಿಂದೆ ಇರುತ್ತೆ ಅನ್ನೋದು ಆ ಹುಡುಗನಿಗೆ ಅಲ್ಲೇ ಹೊಳೆಯುತ್ತೆ. ಆದ್ರೆ ಹೇಳ್ಕೊಡೋರಿಗೇ ಅದನ್ನ ಯಾರೂ ಹೇಳ್ಕೊಟ್ಟಿಲ್ಲ ಅಂದ್ರೆ ಗೆರೆ ಗೆರೆಯಾಗೇ ಉಳಿಯುತ್ತೆ.

ನಮ್ಮ ಜಿಲ್ಲೆ ಮಕ್ಕಳಿಗೆ ಮಾನ್ಸೂನ್ ಪಾಠ ಅಂದ್ರೆ ಅದು ಅವ್ರ ಮನೆ ವಿಷಯನೇ. ಚಳ್ಳಕೆರೆ ಕಡೆ ಶೇಂಗಾ ಬಿತ್ತಿ ಆಕಾಶ ನೋಡ್ತಾ ಕೂರೋ ಅಪ್ಪ ಅಮ್ಮನ ಮಕ್ಕಳು ಅವ್ರು. ಆಗುಂಬೆಲಿ ಅಷ್ಟು ಸುರಿಯುತ್ತಂತೆ, ಅದೂ ಕರ್ನಾಟಕನೇ ಇದೂ ಕರ್ನಾಟಕನೇ, ನಮ್ಮೂರ ಮೇಲೆ ಮೋಡ ಬಂದು ಹಂಗೇ ಯಾಕೆ ಹೋಗ್ತವೆ ಮಿಸ್ ಅಂತ ಕೇಳ್ತಾರೆ. ನೈಋತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಗುಲಿ ಮೇಲಕ್ಕೇರಿ ತಣ್ಣಗಾಗಿ ಅಲ್ಲೇ ಮಳೆ ಸುರಿಸಿ, ಈ ಕಡೆ ಇಳಿಯೋವಾಗ ಬಿಸಿಯಾಗಿ ಒಣಗಿ ಹೋಗುತ್ತೆ, ನಾವಿರೋದು ಮಳೆ ನೆರಳಿನ ಪ್ರದೇಶದಲ್ಲಿ ಅಂತ ಅವ್ರ ಹೊಲದ ಲೆಕ್ಕದಲ್ಲೇ ಹೇಳ್ಬೇಕು. ಹಂಗೇ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು, ನಾವೆಲ್ಲ ಮಾರಿಕಣಿವೆ ಅನ್ನೋದು, 1907ರಲ್ಲಿ ಮುಗಿದಿದ್ದು, 1933ರಲ್ಲಿ ತುಂಬಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 2022ಕ್ಕೆ, ಊರಿಗೆ ಊರೇ ನೋಡೋಕೆ ಹೋಗಿತ್ತು, ಆಮೇಲೆ 2025ರ ಜನವರಿಲೂ ತುಂಬ್ತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಯಾಕೆ ಬಂತು ಅಂದ್ರೆ ಇತಿಹಾಸ, ವೇದಾವತಿ ನದಿ ಯಾಕೆ ವರ್ಷಗಟ್ಟಲೆ ಬತ್ತಿರುತ್ತೆ ಅಂದ್ರೆ ಭೂಗೋಳ, ನೀರು ಬಂದ್ಮೇಲೆ ಅಡಿಕೆ ತೆಂಗಿನ ತೋಟಕ್ಕೆ ಏನಾಯ್ತು ಅಂದ್ರೆ ಅರ್ಥಶಾಸ್ತ್ರ, ಆ ನೀರು ಯಾವ ತಾಲ್ಲೂಕಿಗೆ ಎಷ್ಟು ಅಂತ ಜಗಳ ಬಂದ್ರೆ ರಾಜ್ಯಶಾಸ್ತ್ರ. ಮೊಳಕಾಲ್ಮೂರು ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆ ಅಶೋಕನ ಶಾಸನ ಇದೆ, ಬ್ರಹ್ಮಗಿರಿಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ರು, ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ಇರೋ ಮಕ್ಕಳು ಅಶೋಕ ಅಂದ್ರೆ ಪಾಟ್ನಾದ ಕಡೆಯವನು ಅಂತಷ್ಟೇ ಬಾಯಿಪಾಠ ಮಾಡಿರ್ತಾರೆ. ಇದನ್ನೆಲ್ಲ ಜೋಡಿಸಿ ಹೇಳೋಕೆ ವಿಷಯ ಓದಿದ ಟೀಚರೇ ಬೇಕು. ಸಮಾಜನಾ, ಯಾರ್ ಬೇಕಾದ್ರೂ ಪುಸ್ತಕ ಓದಿ ಹೇಳಿದ್ರಾಯ್ತು ಅನ್ನೋ ಮಾತು ಸ್ಟಾಫ್ ರೂಮುಗಳಲ್ಲಿ ಎಷ್ಟು ಸಲೀಸಾಗಿ ಬರುತ್ತೆ ಅಂದ್ರೆ ಕೇಳಿ ಕೇಳಿ ಬೇಜಾರಾಗುತ್ತೆ. ಗಣಿತದ ಪೋಸ್ಟ್ ಖಾಲಿ ಇದ್ರೆ ಊರವರು ಬಂದು ಗಲಾಟೆ ಮಾಡ್ತಾರೆ, ಸಮಾಜದ ಪೋಸ್ಟ್ ಖಾಲಿ ಇದ್ರೆ ಕನ್ನಡ ಮೇಷ್ಟ್ರಿಗೋ ಪಿಇ ಟೀಚರಿಗೋ ಆ ಪಿರಿಯಡ್ ಹಂಚಿ ಸುಮ್ಮನಾಗ್ತಾರೆ, ಪಾಪ ಅವ್ರಿಗೂ ಅದು ಹೊರೆನೇ.

ಕೇಂದ್ರೀಯ ವಿದ್ಯಾಲಯದವರ ನಿಯಮ ನೋಡಿ, ಅದು ನನಗೆ ಸರಿ ಅನ್ಸುತ್ತೆ. ಸಮಾಜ ವಿಜ್ಞಾನದ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕರು) ಆಗ್ಬೇಕಂದ್ರೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಈ ನಾಲ್ಕರಲ್ಲಿ ಎರಡು ಡಿಗ್ರಿಲಿ ಇರ್ಬೇಕು, ಆ ಎರಡರಲ್ಲಿ ಒಂದು ಇತಿಹಾಸನೋ ಭೂಗೋಳನೋ ಆಗಿರ್ಲೇಬೇಕು. ಒಂದೇ ವಾಕ್ಯ, ಪಿಯುಸಿ ಹುಡುಗಿಗೂ ಅರ್ಥ ಆಗುತ್ತೆ. ನಮ್ಮಲ್ಲಿ ಅಧಿಸೂಚನೆಯ ಅನುಬಂಧದಲ್ಲಿ ಹುಡುಕಿ, ಸ್ಪಷ್ಟೀಕರಣದ ಸುತ್ತೋಲೆ ಹುಡುಕಿ, ಕೊನೆಗೆ ಕೋಚಿಂಗ್ ಸೆಂಟರಿನೋರ ಯೂಟ್ಯೂಬ್ ವಿಡಿಯೋ ನೋಡಿ ತಿಳ್ಕೊಬೇಕು, ಒಂದು ವಿಡಿಯೋಲಿ ಒಂದು ಹೇಳ್ತಾರೆ ಇನ್ನೊಂದರಲ್ಲಿ ಇನ್ನೊಂದು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15 ಸಾವಿರ ಹುದ್ದೆ ಕರೆದ್ರಲ್ಲ, ಅಷ್ಟು ದೊಡ್ಡ ನೇಮಕಾತಿಲೂ ಎಲ್ಲಾ ಹುದ್ದೆ ತುಂಬಲಿಲ್ಲ. ಒಂದು ಕಡೆ ಹುದ್ದೆ ಖಾಲಿ, ಇನ್ನೊಂದು ಕಡೆ ಡಿಗ್ರಿ, ಬಿಎಡ್, ಟಿಇಟಿ ಎಲ್ಲಾ ಇಟ್ಕೊಂಡು ತಿಂಗಳಿಗೆ 12 ಸಾವಿರ ಗೌರವಧನಕ್ಕೆ ಅತಿಥಿ ಶಿಕ್ಷಕರಾಗಿ ದುಡೀತಿರೋರು, ಅದೂ ಹತ್ತು ತಿಂಗಳಿಗೆ ಮಾತ್ರ, ಗೌರವಧನ ತಿಂಗಳು ತಿಂಗಳು ಬರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ.

ಈಗ ಇನ್ನೊಂದು ದೊಡ್ಡ ಗೊಂದಲ ಬಾಗಿಲಿಗೆ ಬಂದು ನಿಂತಿದೆ, ನಿಜ ಹೇಳ್ಬೇಕಂದ್ರೆ ಈ ಪತ್ರ ಬರೆಯೋಕೆ ಅದೇ ಕಾರಣ. ನಮ್ಮ ರಾಜ್ಯದಲ್ಲಿ 2021-22ರಿಂದ ಡಿಗ್ರಿಗೆ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ, ತಂದ್ರು, 2024-25ರಿಂದ ಅದನ್ನ ಬಿಟ್ಟು ಮತ್ತೆ ಹಳೇ ಥರ ಮೂರು ವರ್ಷ, ಮೂರು ಮುಖ್ಯ ವಿಷಯ ಅಂತ ಮಾಡಿದ್ರು. ಮಧ್ಯದಲ್ಲಿ 2021, 2022, 2023ರಲ್ಲಿ ಸೇರಿದ ಮೂರು ಬ್ಯಾಚಿನ ಮಕ್ಕಳು ಇದಾರೆ. ಅವ್ರಿಗೆ ಮೂರರ ಬದ್ಲು ಎರಡೇ ಮುಖ್ಯ ವಿಷಯ, ಅದ್ರಲ್ಲೂ ಮೂರನೇ ವರ್ಷಕ್ಕೆ ಬಂದಾಗ ಒಂದನ್ನ ಮೇಜರ್, ಇನ್ನೊಂದನ್ನ ಮೈನರ್ ಮಾಡ್ಕೊಳ್ಳೋ ಅವಕಾಶ ಕೊಟ್ಟಿದ್ರು. ಇತಿಹಾಸ-ಅರ್ಥಶಾಸ್ತ್ರ ತಗೊಂಡು ಇತಿಹಾಸ ಮೇಜರ್ ಮಾಡ್ಕೊಂಡ ಹುಡುಗನ ಮಾರ್ಕ್ಸ್ ಕಾರ್ಡಲ್ಲಿ ಅರ್ಥಶಾಸ್ತ್ರದ ಪೇಪರ್‌ಗಳು ಕೊನೇ ವರ್ಷದಲ್ಲಿ ಕಮ್ಮಿ ಇರ್ತವೆ. ಇನ್ನು ಇತಿಹಾಸ-ಕನ್ನಡ ತಗೊಂಡಿದ್ರೆ ಸಮಾಜ ವಿಷಯ ಒಂದೇ, ಹಳೇ ಪದ್ಧತಿಲಿ ಎಚ್‌ಇಕೆ ಅಂತ ಮೂರನೇದಾಗಿ ಅರ್ಥಶಾಸ್ತ್ರ ತಾನಾಗೇ ಬರ್ತಿತ್ತು. ಮೊದಲ ಬ್ಯಾಚು 2024ರಲ್ಲಿ ಡಿಗ್ರಿ ಮುಗಿಸಿ ನೇರ ಬಿಎಡ್ ಸೇರಿದ್ರೆ 2026ಕ್ಕೆ ಅದೂ ಮುಗಿಯುತ್ತೆ. ಇನ್ಮುಂದೆ ಕರೆಯೋ ಪ್ರತಿಯೊಂದು ನೇಮಕಾತಿಲೂ ಈ ಮಕ್ಕಳು ಅರ್ಜಿ ಹಾಕ್ತಾರೆ. ಮೈನರ್ ಅಂತ ಓದಿದ್ದನ್ನ ಐಚ್ಛಿಕ ಅಂತ ಲೆಕ್ಕಕ್ಕೆ ತಗೋತಾರಾ, ಇಲ್ವಾ? ಓಪನ್ ಎಲೆಕ್ಟಿವ್ (ಮುಖ್ಯ ವಿಷಯದ ಹೊರಗೆ ಆರಿಸ್ಕೊಳ್ಳೋ ಪೇಪರ್) ಅಂತ ಒಂದೆರಡು ಸೆಮಿಸ್ಟರ್ ಭೂಗೋಳ ಓದಿದ್ರೆ ಅದಕ್ಕೆ ಬೆಲೆ ಇದೆಯಾ? ಪಾಲಿಸಿ ತಂದೋರೂ ಸರ್ಕಾರನೇ, ತೆಗೆದೋರೂ ಸರ್ಕಾರನೇ, ಮಧ್ಯದಲ್ಲಿ ಸಿಕ್ಕಿಹಾಕೊಂಡ ಮಕ್ಕಳು ಏನು ಪಾಪ ಮಾಡಿದಾರೆ. ಅವ್ರು ಆಗ ಕಾಲೇಜಲ್ಲಿ ಏನಿತ್ತೋ ಅದನ್ನೇ ಓದಿದಾರೆ.

ಸೇವೆಲಿರೋರ ಕಡೆನೂ ಒಂದು ಮಾತು ಹೇಳ್ಬೇಕು. 2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಒಂದರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡೋರು ಮೊದ್ಲೇ ಕೆಲ್ಸಕ್ಕೆ ಸೇರಿದ್ರೂ ಟಿಇಟಿ ಪಾಸಾಗಿರ್ಬೇಕು, ಐದು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಉಳಿದಿರೋರು ಎರಡು ವರ್ಷದೊಳಗೆ ಪಾಸು ಮಾಡ್ಕೊಬೇಕು, ಐದು ವರ್ಷಕ್ಕಿಂತ ಕಮ್ಮಿ ಇರೋರು ನಿವೃತ್ತಿವರೆಗೆ ಇರ್ಬೋದು ಆದ್ರೆ ಬಡ್ತಿ ಬೇಕಂದ್ರೆ ಬರೀಲೇಬೇಕು ಅಂತ. ಇಪ್ಪತ್ತು ವರ್ಷದಿಂದ ಆರು-ಏಳನೇ ಕ್ಲಾಸಿಗೆ ಸಮಾಜ ಹೇಳ್ಕೊಡ್ತಿರೋ ಅಕ್ಕಂದಿರು, ಅಣ್ಣಂದಿರು ಈಗ ಸಂಜೆ ಮನೇಲಿ ಮಕ್ಕಳ ಜೊತೆ ಕೂತು ಗೈಡ್ ಓದ್ತಿದಾರೆ. ತೀರ್ಪನ್ನ ಪ್ರಶ್ನೆ ಮಾಡೋಕೆ ನಾನು ಹೋಗಲ್ಲ. ಆದ್ರೆ ಇಲಾಖೆ ಅವ್ರಿಗೆ ಬರೀ ಗಡುವು ಹೇಳಿ ಬಿಡೋದಲ್ಲ, ಜಿಲ್ಲೆಗಳಲ್ಲಿ ಡಯಟ್ (ಶಿಕ್ಷಕರಿಗೆ ತರಬೇತಿ ಕೊಡೋ ಸಂಸ್ಥೆ) ಇದಾವೆ, ಅಲ್ಲಿ ರಜೆ ದಿನಗಳಲ್ಲಿ ವಿಷಯದ ಪಾಠನೇ ಮಾಡಿಸ್ಲಿ, ಭೂಗೋಳಕ್ಕೆ ಭೂಗೋಳ ಓದಿದ ಉಪನ್ಯಾಸಕರನ್ನ ಕರೆಸ್ಲಿ. ತರಬೇತಿ ಅಂದ್ರೆ ನಮ್ಗೆ ಇದುವರೆಗೂ ಸಿಕ್ಕಿರೋದು ಚಟುವಟಿಕೆ, ಚಾರ್ಟು, ಆ್ಯಪ್‌ನಲ್ಲಿ ಎಂಟ್ರಿ ಮಾಡೋದು ಹೆಂಗೆ ಅನ್ನೋದೇ ಜಾಸ್ತಿ, ವಾಯುಭಾರ ಅಂದ್ರೆ ಏನು ಅಂತ ಕೂರಿಸಿ ಹೇಳಿದ್ದು ಕಮ್ಮಿ.

ಹಂಗಾದ್ರೆ ವಿಷಯ ಕಮ್ಮಿ ಬಿದ್ದೋರಿಗೆ ದಾರಿನೇ ಇಲ್ವಾ ಅಂದ್ರೆ, ದಾರಿ ಮಾಡ್ಬೋದು. ಬಿಎಡ್ ಮಾಡಿದೋರು ಒಂದರಿಂದ ಐದನೇ ಕ್ಲಾಸಿಗೆ ಸೇರಿದ್ರೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡ್ಬೇಕು ಅಂತ ಎನ್‌ಸಿಟಿಇನೇ 2018ರ ಅಧಿಸೂಚನೆಲಿ ಹೇಳಿತ್ತು. ಆಮೇಲೆ 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಪ್ರೈಮರಿಗೆ ಬಿಎಡ್ ನಡೆಯಲ್ಲ ಅಂದಿದ್ದು ಬೇರೆ ಮಾತು, ಬ್ರಿಡ್ಜ್ ಕೋರ್ಸ್ ಅನ್ನೋ ಯೋಚನೆ ಹೊಸದಲ್ಲ ಅಂತ ಹೇಳೋಕೆ ಇದನ್ನ ಎತ್ತಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ದೂರಶಿಕ್ಷಣದಲ್ಲಿ ಪಾಠ ಮಾಡೋ ವ್ಯವಸ್ಥೆ ಅವ್ರತ್ರ ಇದೆ. ಒಂದು ಸಮಾಜ ವಿಷಯ ಇದ್ದು ಇನ್ನೊಂದು ಇಲ್ದೇ ಇರೋರಿಗೆ ಡಿಗ್ರಿ ಮಟ್ಟದ್ದೇ ಪೇಪರ್‌ಗಳನ್ನ ಒಂದೂವರೆ ಎರಡು ವರ್ಷದಲ್ಲಿ ಬರೆಯೋಕೆ ಬಿಟ್ಟು, ಪಾಸಾದ್ರೆ ಅದನ್ನ ಐಚ್ಛಿಕ ವಿಷಯ ಅಂತ ನೇಮಕಾತಿಲಿ ಒಪ್ಕೊಳ್ಳೋ ಹಾಗೆ ನಿಯಮಕ್ಕೆ ತಿದ್ದುಪಡಿ ಮಾಡ್ಲಿ. ಸುಮ್ನೆ ವಿನಾಯಿತಿ ಬೇಡ, ಓದಿ ಪಾಸಾಗ್ಲಿ. ಕೆಲ್ಸದಲ್ಲಿರೋ ಇತಿಹಾಸದ ಟೀಚರ್ ಕೂಡ ಭೂಗೋಳಕ್ಕೆ ಅದನ್ನೇ ಸೇರ್ಬೋದು, ನಾನಂತೂ ಮೊದಲ್ನೇ ಬ್ಯಾಚಿಗೇ ಸೇರ್ತೀನಿ.

ಕಾಲೇಜುಗಳಿಗೆ ಕೇಳೋದು ಇಷ್ಟೇ. ಬಿಎ ಅಡ್ಮಿಷನ್ ಫಾರಂ ಕೊಡೋ ಜಾಗದಲ್ಲೇ ಒಂದು ಹಾಳೆ ಅಂಟಿಸಿ, ನಮ್ಮಲ್ಲಿರೋ ಈ ಕಾಂಬಿನೇಷನ್ ತಗೊಂಡ್ರೆ ಸಮಾಜ ಶಿಕ್ಷಕರ ಹುದ್ದೆಗೆ ಅರ್ಹತೆ ಬರುತ್ತೆ, ಇದು ತಗೊಂಡ್ರೆ ಬರಲ್ಲ ಅಂತ. ಆ ಪಟ್ಟಿನ ಶಿಕ್ಷಣ ಇಲಾಖೆನೇ ಪ್ರತಿ ವರ್ಷ ಪಿಯುಸಿ ರಿಸಲ್ಟಿಗೆ ಮುಂಚೆ ಕನ್ನಡದಲ್ಲಿ ಹೊರಡಿಸ್ಲಿ, ನಿಮ್ಮ ಪೇಪರಲ್ಲೂ ಒಂದು ಮೂಲೆಲಿ ಹಾಕಿ, ಸಿಇಟಿ ಬಗ್ಗೆ ಪುಟಗಟ್ಟಲೆ ಹಾಕ್ತೀರಲ್ಲ, ಬಿಎ ಸೇರೋ ಮಕ್ಕಳಿಗೂ ಕಾಲು ಪುಟ ಕೊಡಿ. ಭೂಗೋಳ ಇಲ್ದೇ ಇರೋ ತಾಲ್ಲೂಕು ಕಾಲೇಜುಗಳಿಗೆ ಭೂಗೋಳ ವಿಭಾಗ ಕೊಡೋದು ದುಡ್ಡಿನ ವಿಷಯ ಅಂತ ಗೊತ್ತು, ಜಿಲ್ಲೆಗೆ ಒಂದೆರಡಾದ್ರೂ ಶುರು ಮಾಡ್ಲಿ.

ಎನ್‌ಇಪಿ ಬ್ಯಾಚಿನ ಮಕ್ಕಳದ್ದು ಮಾತ್ರ ಕಾಯೋ ವಿಷಯ ಅಲ್ಲ. ಮೇಜರ್, ಮೈನರ್, ಓಪನ್ ಎಲೆಕ್ಟಿವ್ ಮೂರರಲ್ಲಿ ಯಾವ್ದು ಲೆಕ್ಕಕ್ಕಿದೆ ಅನ್ನೋ ಆದೇಶ ಮುಂದಿನ ಅಧಿಸೂಚನೆ ಬರೋಕೆ ಮುಂಚೆನೇ ಬರ್ಬೇಕು. ಅರ್ಜಿ ಹಾಕೋಕೆ ಕೊಡೋ ತಿಂಗಳೊಪ್ಪತ್ತಲ್ಲಿ ಯೂನಿವರ್ಸಿಟಿಗೆ ಅಲೆದು ತತ್ಸಮಾನ ಪ್ರಮಾಣಪತ್ರ ತರೋಕೆ ಮೊಳಕಾಲ್ಮೂರಿನ ಹುಡುಗಿಗೆ ಆಗಲ್ಲ. ಈ ಬ್ಯಾಚಿನೋರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮ್ಮ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಈಗ್ಲೇ ತೆಗೆದು ಯಾವ ವಿಷಯ ಎಷ್ಟು ಸೆಮಿಸ್ಟರ್ ಇದೆ ಅಂತ ಬರೆದಿಟ್ಕೊಳ್ಳಿ, ಇನ್ನೂ ಬಿಎಡ್ ಸೇರದೇ ಇರೋರು ಮೆಥಡ್ ಆರಿಸ್ಕೊಳ್ಳೋಕೆ ಮುಂಚೆ ನಿಮ್ಮ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ ಬರವಣಿಗೆಲಿ ಕೇಳಿ, ಬಾಯ್ಮಾತಿನ ಉತ್ತರ ತಗೊಂಡು ಬರ್ಬೇಡಿ.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ
ಚಿತ್ರದುರ್ಗ ಜಿಲ್ಲೆ